ಒಳ್ಳೆಯ ಗೆಡ್ಡೆ

ಮೇಷ್ಟ್ರ ಎರಡೂ ಕೈಗಳ ಉಗುರುಗಳು ಸದಾ ಗುಲಾಬಿ ಬಣ್ಣದಲ್ಲಿರುತ್ತಿದ್ದವು. ಮೂವತ್ತು ವರ್ಷ ಇಯೋಸಿನ್ ಎಂಬ ಬಣ್ಣದಲ್ಲಿ ಗಾಜಿನ ಪಟ್ಟಿಗಳನ್ನು ಅದ್ದಿ ತೆಗೆದು, ಅದ್ದಿ ತೆಗೆದು ಬಂದ ರಂಗು ಅದು. ಸೋಪಿಗೆ ಹೋಗುತ್ತಿರಲಿಲ್ಲ, ಸೀಮೆಎಣ್ಣೆಗೂ ಹೋಗುತ್ತಿರಲಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಅವರ ಬೆರಳುಗಳನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರಂತೆ. ಇಷ್ಟು ವಯಸ್ಸಾದ ಮೇಲೂ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾನಲ್ಲ ಎಂದು ಅವರ ಊರಾದ ಕೂಟಗಲ್ಲಿನ ಹೆಂಗಸರು ಆಡಿಕೊಳ್ಳುತ್ತಿದ್ದುದನ್ನು ಅವರೇ ಒಮ್ಮೆ ನನಗೆ ಹೇಳಿದರು. ಹೇಳುವಾಗ ನಗಲಿಲ್ಲ. ಅವರು ನಗುತ್ತಿದ್ದುದೇ ಅಪರೂಪ.

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಪೆಥಾಲಜಿ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್. ಆಪರೇಷನ್ ಮಾಡಿ ತೆಗೆದ ಗೆಡ್ಡೆಯ ಚೂರು ನಮ್ಮಲ್ಲಿಗೆ ಬರುತ್ತದೆ. ಅದನ್ನು ಮೇಣದಲ್ಲಿ ಹುದುಗಿಸಿ, ಯಂತ್ರದಲ್ಲಿ ಈರುಳ್ಳಿ ಪೊರೆಗಿಂತ ತೆಳ್ಳಗೆ ಕುಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಡಾಕ್ಟರ ಮೈಕ್ರೋಸ್ಕೋಪಿನ ಕೆಳಗೆ ಇಡುವುದು ನಮ್ಮ ಕೆಲಸ. ಆ ಲ್ಯಾಬಿಗೆ ಬಂದ ಎಲ್ಲರಿಗೂ, ಡಾಕ್ಟರುಗಳಿಗೂ ಸೇರಿ, ಈ ಕೆಲಸ ಕಲಿಸಿದವರು ಅವರು. ಹಾಗಾಗಿ ಎಲ್ಲರ ಬಾಯಲ್ಲೂ ಮೇಷ್ಟ್ರು.

ನಾನು ರಾಮನಗರದವಳು. ಅಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುತ್ತಿದ್ದರು. ಲ್ಯಾಬ್ ಡಿಪ್ಲೊಮಾ ಮುಗಿಸಿ ಆ ಆಸ್ಪತ್ರೆಗೆ ಸೇರಿದ ಮೊದಲ ವಾರವೇ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮೇಷ್ಟ್ರು ಎದುರಿಗೆ ಸಿಕ್ಕರು. ಕೂಟಗಲ್ಲಿನಿಂದ ಮೊಪೆಡ್ಡಿನಲ್ಲಿ ಬಂದು, ಸ್ಟೇಷನ್ ಪಕ್ಕದ ಸೈಕಲ್ ಅಂಗಡಿಯಲ್ಲಿ ಅದನ್ನು ನಿಲ್ಲಿಸಿ ರೈಲು ಹತ್ತುತ್ತಿದ್ದರು. ಮುಂದಿನ ನಾಲ್ಕು ವರ್ಷ ನಾವಿಬ್ಬರೂ ಒಂದೇ ಬೋಗಿ. ಬಿಡದಿಯಲ್ಲಿ ಕ್ರಾಸಿಂಗಿಗೆ ರೈಲು ನಿಂತರೆ ಅವರು ಕಿಟಕಿಯಾಚೆ ನೋಡುತ್ತ, ಹೋದ ವರ್ಷ ಅಲ್ಲಿ ಹುರುಳಿ ಬಿತ್ತಿದ್ದರು, ಈಗ ತಂತಿ ಬೇಲಿ ಬಂತು, ಎಂದು ತಮ್ಮಷ್ಟಕ್ಕೇ ಅನ್ನುತ್ತಿದ್ದರು. ಅದರಲ್ಲಿ ದುಃಖವಿತ್ತೋ ಬರೀ ಗಮನಿಸುವ ಚಟವಿತ್ತೋ ನನಗೆ ತಿಳಿಯುತ್ತಿರಲಿಲ್ಲ. ಅವರ ತಮ್ಮನ ಮಗನೂ ಅಂಥದೇ ಒಂದು ಬೇಲಿಯೊಳಗಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ.

ಕಲಿಸುವುದರಲ್ಲಿ ಅವರು ಕಠಿಣ. ನಾನು ಉಸಿರು ಬಿಗಿಹಿಡಿದು ಯಂತ್ರದ ಚಕ್ರ ತಿರುಗಿಸುತ್ತಿದ್ದರೆ ಹಿಂದೆ ಬಂದು ನಿಂತು, "ಉಸಿರಾಡ್ತಾ ತಿರುಗ್ಸವ್ವ. ನೀನು ಉಸ್ರು ಕಟ್ಟುದ್ರೆ ಕೈ ನಡುಗ್ತದೆ," ಅನ್ನುತ್ತಿದ್ದರು. ಗಾಜಿನ ಮೇಲಿನ ನಂಬರನ್ನು ಮೂರು ಸಲ, ಬಾಯಿಬಿಟ್ಟು ಓದಬೇಕು. ಬಣ್ಣ ಹಾಕುವಾಗಲೆಲ್ಲ ಫಲಿತಾಂಶ ಮೊದಲೇ ಗೊತ್ತಿರುವ ಒಂದು ತುಣುಕನ್ನು ಜೊತೆಗಿಡಬೇಕು, ಅದು ಸರಿಯಾಗಿ ಬರದಿದ್ದರೆ ಆ ದಿನದ ಕೆಲಸವೆಲ್ಲ ಚೆಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲ್ಯಾಬಿನಲ್ಲಿ ಕಂಡದ್ದನ್ನು ರೋಗಿಯ ಕಡೆಯವರಿಗೆ ಹೇಳಕೂಡದು. ತೋರಿಸೋದು ನಮ್ಮ ಕೆಲಸ, ಹೇಳೋದು ನಮ್ಮದಲ್ಲ, ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಎರಡು ಸಾವಿರದ ದಶಕದ ನಡುವಿನಲ್ಲಿ ನಮ್ಮ ವಿಭಾಗದ ಒಬ್ಬ ಕಿರಿಯ ಡಾಕ್ಟರ್, ಮಕ್ಕಳ ಮೆದುಳಿನ ಗೆಡ್ಡೆಗಳ ಮೇಲೆ ಒಂದು ಅಧ್ಯಯನ ಕೈಗೆತ್ತಿಕೊಂಡರು. ಜೀವಕೋಶದ ಮೈಮೇಲೆ ಹೊರಗಿನ ಸಂದೇಶಗಳನ್ನು ಹಿಡಿದುಕೊಳ್ಳುವ ಸಣ್ಣ ಸಣ್ಣ ಕೊಂಡಿಗಳಿರುತ್ತವೆ. ರಿಸೆಪ್ಟರ್ ಎಂದರೆ ಅದೇ. ಮಕ್ಕಳ ಹಿಂಬದಿಯ ಮೆದುಳಿನಲ್ಲಿ ಬೆಳೆಯುವ ಒಂದು ಬಗೆಯ ಗೆಡ್ಡೆಯಲ್ಲಿ, ನರಗಳ ಬೆಳವಣಿಗೆಗೆ ಸಂಬಂಧಿಸಿದ ಒಂದು ರಿಸೆಪ್ಟರ್ ಹೇರಳವಾಗಿದ್ದರೆ ಆ ಮಕ್ಕಳು ಚಿಕಿತ್ಸೆಗೆ ಒಗ್ಗಿ ಬದುಕುವುದು ಹೆಚ್ಚು, ಕಡಿಮೆಯಿದ್ದರೆ ಬದುಕುವುದು ಕಷ್ಟ ಎಂದು ಹೊರದೇಶಗಳಲ್ಲಿ ಹೇಳತೊಡಗಿದ್ದರು. ನಮ್ಮ ಮಕ್ಕಳಲ್ಲೂ ಅದು ಹಾಗೆಯೇ ಇದೆಯೇ ಎಂದು ನೋಡುವುದು ಆ ಡಾಕ್ಟರ ಉದ್ದೇಶ. ರಿಸೆಪ್ಟರ್ ಇರುವ ಕಡೆ ಕಂದು ಬಣ್ಣ ಕೂರುವಂತೆ ಮಾಡುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಬಣ್ಣ ಹಿಡಿಯುವ ಮೊದಲು ಆ ಗಾಜುಗಳನ್ನು ಬೇಯಿಸಬೇಕಿತ್ತು. ಲ್ಯಾಬಿಗೆ ಅದಕ್ಕೆಂದೇ ಯಂತ್ರ ತರಿಸುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಮೇಷ್ಟ್ರು ರಾಮನಗರದ ಪಾತ್ರೆ ಅಂಗಡಿಯಿಂದ ಒಂದು ಪ್ರೆಶರ್ ಕುಕ್ಕರ್ ಹೊತ್ತು ತಂದರು. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವರನ್ನು ಕಂಡು ಪರಿಚಯದವರೊಬ್ಬರು, ಮನೆಯಲ್ಲಿ ಜಗಳವಾಯಿತೇ ಎಂದು ಕೇಳಿದರು.

ಸುಮಾರು ಮೂರು ತಿಂಗಳು ಬಣ್ಣ ಹಿಡಿಯಲೇ ಇಲ್ಲ. ಒಮ್ಮೆ ಎಲ್ಲವೂ ಕಂದು, ಇನ್ನೊಮ್ಮೆ ಎಲ್ಲವೂ ಬಿಳಿ. ಡಾಕ್ಟರ್ ಕೈಬಿಡುವ ಮಾತಾಡಿದರು. ಮೇಷ್ಟ್ರು ನೀರಿನ ಹುಳಿ ಬದಲಾಯಿಸಿದರು, ಬೇಯಿಸುವ ನಿಮಿಷ ಬದಲಾಯಿಸಿದರು, ಪ್ರತಿಯೊಂದನ್ನೂ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟರು. ಕೊನೆಗೆ ಒಂದು ಮಧ್ಯಾಹ್ನ ಸರಿಯಾಗಿ ಬಂತು. ಕಂದು ಕೂರಬೇಕಾದಲ್ಲಿ ಮಾತ್ರ ಕೂತಿತ್ತು. ಆ ಅಧ್ಯಯನ ನಿಂತದ್ದು ಆ ಡೈರಿಯ ಮೇಲೆ. ಇದನ್ನು ಬೇರೆ ಯಾರೂ ಎಲ್ಲೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಆ ಅಕ್ಟೋಬರಿನಲ್ಲಿ ನನ್ನ ಶಾಲೆಯ ಗೆಳತಿ ತನ್ನ ಏಳು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಗೆಳತಿಯ ಗಂಡ ಕೋಡಿಹಳ್ಳಿ ಕಡೆಯವನು. ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಬಂದ ಮೇಲೆ ಅಲ್ಲಿಯೇ ಒಂದು ಪ್ರೆಸ್ ಮೆಷಿನ್ನಿನ ಮೇಲೆ ಕಂಟ್ರಾಕ್ಟ್ ಕೆಲಸಕ್ಕೆ ಸೇರಿ, ಅಲ್ಲೇ ಮನೆ ಮಾಡಿದ್ದ. ಮಗು ಸಿಂಚನ ಬೆಳಿಗ್ಗೆ ಎದ್ದ ಕೂಡಲೇ ವಾಂತಿ ಮಾಡುತ್ತಿದ್ದಳು, ನಡೆಯುವಾಗ ವಾಲುತ್ತಿದ್ದಳು. ಹೊಟ್ಟೆಹುಳು ಎಂದು ಔಷಧಿ ಕೊಟ್ಟು ಎರಡು ತಿಂಗಳು ಕಳೆದಿದ್ದರು. ನಾನೇ ನಮ್ಮ ಆಸ್ಪತ್ರೆಗೆ ಕರೆದೊಯ್ದೆ. ಸ್ಕ್ಯಾನ್ ಆಯಿತು, ಹಿಂಬದಿಯ ಮೆದುಳಿನಲ್ಲಿ ಗೆಡ್ಡೆ, ಆಪರೇಷನ್ ಆಯಿತು. ಗೆಡ್ಡೆಯ ಚೂರು ನಮ್ಮ ಲ್ಯಾಬಿಗೇ ಬಂತು. ಅದನ್ನು ಕುಯ್ದವರು ಮೇಷ್ಟ್ರು.

ನವೆಂಬರಿನ ಒಂದು ಬೆಳಿಗ್ಗೆ ಆ ಗಾಜನ್ನು ನಾನು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅಷ್ಟು ದಟ್ಟ ಕಂದನ್ನು ಆವರೆಗೆ ಕಂಡಿರಲಿಲ್ಲ. ರಿಸೆಪ್ಟರ್ ತುಂಬಿ ತುಳುಕುತ್ತಿತ್ತು. ಕಿರಿಯ ಡಾಕ್ಟರೂ ನೋಡಿ, ಇದು ಬದುಕುವ ಜಾತಿ ಎಂದರು, ತಮ್ಮಷ್ಟಕ್ಕೆ ಎಂಬಂತೆ. ಮೇಷ್ಟ್ರು ಗಾಜನ್ನು ಟ್ರೇಗೆ ಸೇರಿಸಿದರು.

ನಾನು ಊಟದ ಬಿಡುವಿನಲ್ಲಿ ವಾರ್ಡಿಗೆ ಓಡಿದೆ. ಗೆಳತಿ ಮಗುವಿನ ಪಕ್ಕ ಮಲಗಿದ್ದಳು. ಅವಳ ಗಂಡ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದ. "ಒಳ್ಳೇ ಜಾತಿ ಗೆಡ್ಡೆ ಅಣ್ಣ. ನಾನೇ ಕಣ್ಣಾರೆ ನೋಡಿದೆ. ಏನೂ ಹೆದರಬೇಡಿ," ಎಂದೆ. ಅವನು ಫ್ಲಾಸ್ಕನ್ನು ನೆಲಕ್ಕಿಟ್ಟು ಕೈಮುಗಿದ.

ಹಾಗೇಕೆ ಹೇಳಿದೆ ಎಂದು ಇಷ್ಟು ವರ್ಷವೂ ನನ್ನನ್ನೇ ಕೇಳಿಕೊಂಡಿದ್ದೇನೆ. ಕರುಣೆಯಿಂದ ಎಂದುಕೊಂಡರೆ ಸುಖ. ಆದರೆ ಶಾಲೆಯಲ್ಲಿ ಆ ಗೆಳತಿ ನನಗಿಂತ ಜಾಣೆ, ಪ್ರತಿ ವರ್ಷವೂ ನನಗಿಂತ ಮುಂದೆ. ಬಿಳಿ ಕೋಟು ಹಾಕಿಕೊಂಡು ಅವಳ ಸಂಸಾರಕ್ಕೆ ಶುಭ ಸುದ್ದಿ ಕೊಡುವವಳು ನಾನಾಗಬೇಕೆಂಬ ಆಸೆಯೂ ಅದರಲ್ಲಿತ್ತು.

ಆಪರೇಷನ್ ಆದ ಮೇಲೆ ಆ ಗೆಡ್ಡೆಗೆ ಆರು ವಾರ ರೇಡಿಯೇಷನ್ ಕೊಡಬೇಕು, ಶನಿವಾರ ಭಾನುವಾರ ಬಿಟ್ಟು ದಿನವೂ. ಹಾರೋಹಳ್ಳಿಯಿಂದ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ಅವನೇ ಬರುತ್ತಿದ್ದ, ಮನೆಯಲ್ಲಿ ಇನ್ನೊಂದು ಹಾಲು ಕುಡಿಯುವ ಕೂಸಿತ್ತು. ರೇಡಿಯೇಷನ್ ವಿಭಾಗ ಬೇರೆ ಕಟ್ಟಡದಲ್ಲಿತ್ತು, ಅವನು ಬಂದದ್ದು ಹೋದದ್ದು ನನಗೆ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳಲೂ ಇಲ್ಲ. ಒಳ್ಳೆಯ ಗೆಡ್ಡೆ ತಾನೇ.

ಜನವರಿಯಲ್ಲಿ ಮೇಷ್ಟ್ರು ಏನೋ ಕೆಲಸಕ್ಕೆ ಆ ಕಟ್ಟಡಕ್ಕೆ ಹೋದವರು, ಹಾರೋಹಳ್ಳಿಯ ಮಗು ಮುಗಿಸಿತೇ ಎಂದು ಅಲ್ಲಿಯವರನ್ನು ಕೇಳಿದರಂತೆ. ಎರಡೂವರೆ ವಾರ ಬಂದು ನಿಲ್ಲಿಸಿ ಒಂದು ತಿಂಗಳ ಮೇಲಾಯಿತು ಎಂದು ಉತ್ತರ ಬಂತು. ಕಾಗದ ಹಾಕಿದ್ದೇವೆ, ಅಷ್ಟೇ, ಎಂದರಂತೆ. ಆ ಭಾನುವಾರ ಮೇಷ್ಟ್ರು ನನಗೆ ಬರಹೇಳಿ ರಾಮನಗರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ಕೈಯಲ್ಲಿ ತಮ್ಮ ಹೊಲದ ಅವರೆಕಾಯಿ ತುಂಬಿದ ಚೀಲ. ಕನಕಪುರದಲ್ಲಿ ಬಸ್ ಬದಲಾಯಿಸಿ ಹಾರೋಹಳ್ಳಿಗೆ ಹೋದೆವು.

ಕಾರ್ಖಾನೆಯ ಕಾಂಪೌಂಡಿನ ಹಿಂದೆ ಸಾಲಾಗಿ ಕಟ್ಟಿದ ಶೀಟಿನ ಮನೆಗಳು. ಸಿಂಚನ ಉಣ್ಣೆ ಟೋಪಿ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಮೇಷ್ಟ್ರು ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಅವಳು ಅವರ ಬೆರಳನ್ನೇ ನೋಡಿ, "ತಾತ, ನೇಲ್ ಪಾಲಿಶ್ ಹಾಕೊಂಡಿದ್ಯಾ?" ಎಂದಳು. ಅವರು ನಕ್ಕರು. ಹೌದು, ನಿನಗೂ ಬೇಕಾ ಎಂದರು. ಅವರು ಮನಸಾರೆ ನಕ್ಕದ್ದನ್ನು ನಾನು ಕಂಡದ್ದು ಅಂದು.

ಗೆಳತಿಯ ಗಂಡ ಒಳಗಿನಿಂದ ಬಂದ. ಸಂಕೋಚವಿತ್ತು, ಆದರೆ ಭಯವಿರಲಿಲ್ಲ. "ನಿಲ್ಸಿಲ್ಲ ಸಾರ್, ಮುಂದಕ್ಕಾಕಿವ್ನಿ ಅಷ್ಟೆ. ಮಾರ್ಚ್ ಗಂಟ ಒಂದಿನಾನೂ ತಪ್ಪಿಸ್ದೆ ಬಂದ್ರೆ ಪರ್ಮನೆಂಟ್ ಮಾಡ್ತೀವಿ ಅಂದವ್ರೆ. ಒಳ್ಳೆ ಗೆಡ್ಡೆ ಅಂತ ಇವ್ರೇ ಹೇಳವ್ರಲ್ಲ, ಅದ್ಕೇ ಧೈರ್ಯ ಮಾಡ್ದೆ," ಎಂದು ನನ್ನ ಕಡೆ ಕೈ ತೋರಿಸಿದ. ಅವನ ಮುಖದಲ್ಲಿ ಕೃತಜ್ಞತೆಯಿತ್ತು. ಅದನ್ನು ಮಾತ್ರ ಇಂದಿಗೂ ನೆನೆಯಲಾರೆ.

ಮೇಷ್ಟ್ರು ನನ್ನನ್ನು ನೋಡಿದರು. ಒಂದು ಗಳಿಗೆ, ಅಷ್ಟೆ. ಆಮೇಲೆ ಅವನ ಕಡೆ ತಿರುಗಿ ಹೊಲದ ಬದುವಿನಲ್ಲಿ ನಿಂತು ಮಾತಾಡುವ ದನಿಯಲ್ಲಿ ಹೇಳಿದರು: "ಒಳ್ಳೆ ಗೆಡ್ಡೆ ಅಂತ ಯಾವ್ದೂ ಇಲ್ಲ ಕಣಪ್ಪ. ಔಷ್ದಿಗೆ ಬಗ್ಗೋ ಗೆಡ್ಡೆ ಅಂತೈತೆ, ಬಗ್ಗದೆ ಇರೋದು ಅಂತೈತೆ. ನಿನ್ ಮಗೀಂದು ಬಗ್ಗೋದು. ಆದ್ರೆ ಬಗ್ಗುಸ್ಬೇಕಲ್ಲ. ಸುಮ್ಕೆ ಬುಟ್ರೆ ಅದೂ ಬೆಳೀತದೆ."

ಗೆಳತಿ ಬಾಗಿಲ ಸಂದಿಯಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದವಳು ಒಳಗೆ ಹೋದಳು. ಕೊನೆಗೆ ಅವನು, "ನಾಳೀಕೇ ಬತ್ತೀನಿ," ಎಂದ.

ವಾಪಸು ಬರುವಾಗ ಕನಕಪುರದಲ್ಲಿ ಬಸ್ ಇಳಿದ ಮೇಲೆ ಮೇಷ್ಟ್ರು, "ನೀ ಹೇಳಿದ್ದು ಸುಳ್ಳಲ್ಲ ಕಣವ್ವ. ಅರ್ಧ ಹೇಳ್ದೆ. ಅವ್ನು ಆ ಅರ್ಧನೇ ಹಿಡ್ಕಂಡು ಕೂತವ್ನೆ," ಎಂದರು. ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ. ರಾಮನಗರದ ಬಸ್ ಬಂತು, ಹತ್ತಿದೆವು.

ಅವನು ಮಾತಿನಂತೆ ಸೋಮವಾರವೇ ಬಂದ. ರೇಡಿಯೇಷನ್ ಮತ್ತೆ ಶುರುವಾಯಿತು. ನಡುವೆ ಅಷ್ಟು ದಿನ ಬಿಟ್ಟರೆ ಮೊದಲಿನಷ್ಟು ಫಲ ಸಿಗದು ಎಂದು ಅಲ್ಲಿನ ಡಾಕ್ಟರ್ ಮೊದಲೇ ಹೇಳಿಬಿಟ್ಟಿದ್ದರು. ಕಾರ್ಖಾನೆಯವರು ಅವನ ಹೆಸರನ್ನು ಪರ್ಮನೆಂಟ್ ಪಟ್ಟಿಯಿಂದ ತೆಗೆದರು, ಆಮೇಲೆ ಕೆಲಸದಿಂದಲೂ ತೆಗೆದರು. ಜೂನಿನಲ್ಲಿ ಸಿಂಚನಳ ಕಾಲುಗಳು ಸೋತವು. ಗೆಡ್ಡೆ ಬೆನ್ನುಹುರಿಗೆ ಇಳಿದಿತ್ತು. ಗಣೇಶನ ಹಬ್ಬಕ್ಕೆ ನಾಲ್ಕು ದಿನವಿರುವಾಗ ಹೋದಳು.

ರೇಡಿಯೇಷನ್ ಡಾಕ್ಟರು ಫೈಲಿನಲ್ಲಿ ಒಂದು ಸಾಲು ಬರೆದಿದ್ದರು: ಗೆಡ್ಡೆ ಒಳ್ಳೆಯ ಜಾತಿಯದೆಂದು ಲ್ಯಾಬಿನವರು ತಿಳಿಸಿದ್ದರಿಂದ ಚಿಕಿತ್ಸೆ ಮುಂದೂಡಿದೆನೆಂದು ತಂದೆಯ ಹೇಳಿಕೆ. ಆ ಸಾಲು ನಮ್ಮ ವಿಭಾಗದ ಮುಖ್ಯಸ್ಥರಿಗೆ ತಲುಪಿತು. ಒಂದು ಬೆಳಿಗ್ಗೆ ಲ್ಯಾಬಿನ ಎಲ್ಲರನ್ನೂ ತಮ್ಮ ಕೋಣೆಗೆ ಕರೆದು, ಯಾರು ಹೇಳಿದ್ದು ಎಂದು ಕೇಳಿದರು. ಅವರ ದನಿಯಲ್ಲಿ ಮಗುವಿನ ವಿಷಯವಿರಲಿಲ್ಲ, ಆಸ್ಪತ್ರೆಯ ಹೆಸರಿನ ವಿಷಯವಿತ್ತು. ನನ್ನ ಕೆಲಸ ಆಗ ಇನ್ನೂ ಕಾಯಂ ಆಗಿರಲಿಲ್ಲ. ಹೇಳಬೇಕು, ಈಗ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದು, "ನಾನೇ ಸಾರ್," ಎಂದರು.

ಮುಖ್ಯಸ್ಥರು ಅವರನ್ನು ನಂಬಿದರೋ ಇಲ್ಲವೋ. ಒಂದು ಹೆಸರು ಬೇಕಿತ್ತು, ಸಿಕ್ಕಿತು. ನಾನು ಆಗಲೂ ಬಾಯಿ ತೆರೆಯಲಿಲ್ಲ.

ನಿವೃತ್ತಿಗೆ ಒಂದೂವರೆ ವರ್ಷವಿದ್ದ ಅವರಿಗೆ ಎಚ್ಚರಿಕೆ ಪತ್ರ ಕೊಟ್ಟು, ಅಧ್ಯಯನದಿಂದಲೂ ಯಂತ್ರದಿಂದಲೂ ತೆಗೆದು, ನೆಲಮಾಳಿಗೆಯಲ್ಲಿ ಹಳೇ ಮೇಣದ ಬ್ಲಾಕುಗಳನ್ನಿಡುವ ಕೋಣೆಗೆ ಹಾಕಿದರು. ಮೂವತ್ತು ವರ್ಷ ಕುಯ್ದ ಕೈಗೆ ಡಬ್ಬಗಳ ಧೂಳು ಒರೆಸುವ ಕೆಲಸ. ಎರಡು ದಿನ ಬಿಟ್ಟು ನಾನು ಕೆಳಗಿಳಿದು ಹೋದೆ. ನಾಳೆಯೇ ಮುಖ್ಯಸ್ಥರಿಗೆ ನಿಜ ಹೇಳುತ್ತೇನೆ ಎಂದೆ. ಅವರು ಒಂದು ಡಬ್ಬದ ಮೇಲಿನ ನಂಬರನ್ನು ಬಾಯಿಬಿಟ್ಟು ಓದಿ ಮುಗಿಸಿ, ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ ಮ್ಯಾಲಿನ ಪ್ರೀತಿಗೆ ಹೇಳ್ಲಿಲ್ಲ ನಾನು. ನಂಗೆ ಇನ್ನೂ ಸಿಟ್ಟೈತೆ. ಆ ಮೆಷಿನ್ ಮುಂದೆ ಕೂರಕೆ ಒಂದು ಒಳ್ಳೆ ಕೈ ಬೇಕು. ನಾನು ಹೆಂಗೂ ಹೋಗೋನು. ಹೋಗು, ಕೆಲ್ಸ ನೋಡು."

ನಾನು ಹೋದೆ. ನಿಜ ಹೇಳಬಾರದೆಂದು ಅವರು ಅಪ್ಪಣೆ ಕೊಟ್ಟರೆಂದು ನನಗೆ ನಾನೇ ಹೇಳಿಕೊಂಡೆ. ಅವರು ಹಾಗೆಂದಿರಲಿಲ್ಲ.

ರೈಲಿನಲ್ಲಿ ಅವರು ಎದುರಿಗೆ ಕೂರುವುದು ನಿಲ್ಲಿಸಲಿಲ್ಲ. ಮಾತು ಮಾತ್ರ ಕೆಲಸದ್ದೇ. ಬಣ್ಣ ಮಂಕಾಗುತ್ತಿದ್ದರೆ ಇಂಥದನ್ನು ನೋಡು, ಬ್ಲಾಕ್ ಬಿರುಕು ಬಿಟ್ಟರೆ ಹೀಗೆ ಮಾಡು. ಡೈರಿಯನ್ನೂ ನನಗೆ ಕೊಟ್ಟರು. ಅದನ್ನಿಟ್ಟುಕೊಂಡು ಉಳಿದ ಮಕ್ಕಳ ಗಾಜುಗಳಿಗೆ ನಾನು ಬಣ್ಣ ಹಾಕಿ ಮುಗಿಸಿದೆ.

ಅವರು ನಿವೃತ್ತರಾಗುವ ತಿಂಗಳು ಅಧ್ಯಯನ ಅಚ್ಚಾಗಿ ಬಂತು. ಒಂದು ಪ್ರತಿಯನ್ನು ನೆಲಮಾಳಿಗೆಗೆ ಒಯ್ದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಡೆಯ ಪುಟದಲ್ಲಿ ಕೃತಜ್ಞತೆಯ ಸಾಲಿನಲ್ಲಿ ಟೆಕ್ನಿಷಿಯನ್ ಎಂದು ನನ್ನ ಹೆಸರೊಂದೇ ಇತ್ತು. ಅದನ್ನು ನೋಡಿಯೂ ನೋಡದವರಂತೆ ಪುಟ ತಿರುವಿದರು. ಬಣ್ಣದ ಚಿತ್ರವಿದ್ದ ಪುಟಕ್ಕೆ ಬಂದು ನಿಂತರು. ರಿಸೆಪ್ಟರ್ ಹೇರಳವಾಗಿರುವುದಕ್ಕೆ ಉದಾಹರಣೆಯಾಗಿ ಹಾಕಿದ ಚಿತ್ರ. ಅಷ್ಟು ಚೆನ್ನಾಗಿ ಬಂದ ಗಾಜು ಅದೊಂದೇ. ಕೆಳಗೆ ಹೆಸರಿರಲಿಲ್ಲ, ನಂಬರಿರಲಿಲ್ಲ. ಆದರೂ ತಾವು ಕುಯ್ದದ್ದು ಅವರಿಗೆ ಗೊತ್ತಾಯಿತು.

"ಲೆಕ್ಕದಾಗೆ ಸೇರ್ಸವ್ರಾ ಮಗೀನ?" ಎಂದು ಕೇಳಿದರು.

ಇಲ್ಲ ಎಂದೆ. ಚಿಕಿತ್ಸೆ ಸರಿಯಾಗಿ ಮುಗಿಸದ ಮಕ್ಕಳನ್ನು ಲೆಕ್ಕದಿಂದ ಕೈಬಿಟ್ಟಿದ್ದರು. ಅಧ್ಯಯನಕ್ಕೆ ಅದು ಸರಿಯಾದ ಕ್ರಮವೇ ಇರಬಹುದು. ಕಿರಿಯ ಡಾಕ್ಟರು ಕೆಟ್ಟವರಲ್ಲ, ಕೇಳಿದ್ದರೆ ನನಗೂ ತಾಳ್ಮೆಯಿಂದ ವಿವರಿಸುತ್ತಿದ್ದರು. ರಿಸೆಪ್ಟರಿದ್ದ ಮಕ್ಕಳು ಬದುಕಿದರು ಎಂದು ಅಧ್ಯಯನ ಹೇಳುತ್ತಿತ್ತು. ಅದಿದ್ದೂ ಸತ್ತವಳು ಆ ಮಾತಿನೊಳಗೆ ಎಲ್ಲೂ ಇರಲಿಲ್ಲ.

ಮೇಷ್ಟ್ರು ಆ ಪುಟದ ಮೇಲೆ ಅಂಗೈ ಊರಿಕೊಂಡು ಕೂತಿದ್ದರು. "ಪಟಕ್ಕೆ ಮಾತ್ರ ಬೇಕಾದ್ಲು," ಎಂದರು. ಪ್ರತಿಯನ್ನು ನನಗೇ ವಾಪಸು ಕೊಟ್ಟರು.

ಅವರ ಬೀಳ್ಕೊಡುಗೆಗೆ ಚಹಾ, ಖಾರಾಬೂಂದಿ ಇತ್ತು. ಮುಖ್ಯಸ್ಥರು ಮೀಟಿಂಗಿನಲ್ಲಿದ್ದರು. ನಿವೃತ್ತಿಯಾದ ಮೇಲೂ ಕಲಿಸಲು ಉಳಿಸಿಕೊಳ್ಳುವ ಮಾತು ಮೊದಲಿತ್ತು, ಎಚ್ಚರಿಕೆ ಪತ್ರವಿದ್ದವರಿಗೆ ಅದಿಲ್ಲ.

ಗೆಳತಿ ನನ್ನೊಡನೆ ಮತ್ತೆ ಮಾತಾಡಲಿಲ್ಲ. ಅವಳ ಗಂಡ ಮಾತ್ರ ಕೆಲವು ವರ್ಷಗಳ ಮೇಲೆ ಕನಕಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಬೇರೊಂದು ಕಾರ್ಖಾನೆಯ ಸಮವಸ್ತ್ರದಲ್ಲಿದ್ದ. ಮುಖ ತಿರುಗಿಸಿಕೊಂಡು ಹೋಗುತ್ತಾನೆ ಎಂದುಕೊಂಡರೆ ಹತ್ತಿರ ಬಂದು, ಆ ಮೇಷ್ಟ್ರು ಹೇಗಿದ್ದಾರೆ ಎಂದು ವಿಚಾರಿಸಿದ. ನನ್ನ ಮಾತಿನ ಹೊಣೆಯನ್ನು ಅವರು ಹೊತ್ತದ್ದು ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಅವನು ಬಸ್ಸುಗಳನ್ನು ನೋಡುತ್ತ ನಿಂತ. "ಯಾರ್ ಹೇಳಿದ್ದು ಅಂತ ನನ್ನ ಒಬ್ರೂ ಕೇಳ್ಲಿಲ್ಲವಲ್ಲ," ಎಂದ. ಕೇಳಿದ್ದರೆ ನನ್ನ ಹೆಸರು ಹೇಳುತ್ತಿದ್ದನೇ ಎಂದು ನಾನು ಕೇಳಲಿಲ್ಲ.

ಮೇಷ್ಟ್ರಿಗೆ ಪಾರ್ಶ್ವವಾಯು ಬಡಿದು ಬಲಗೈ ಸತ್ತಿತು. ಕೂಟಗಲ್ಲಿಗೆ ಹೋಗಿ ಮೂರು ನಾಲ್ಕು ಸಲ ನೋಡಿ ಬಂದೆ. ಕೊನೆಯ ಸಲ ಮಾತು ತೊದಲುತ್ತಿತ್ತು. ಹೊಸದಾಗಿ ಬಂದವರು ನಂಬರನ್ನು ಬಾಯಿಬಿಟ್ಟು ಓದುತ್ತಾರೆಯೇ ಎಂದು ಕೇಳಿದರು. ಓದುತ್ತಾರೆ ಎಂದೆ. ಆ ದಿನ ನಾನು ಕ್ಷಮೆ ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೋ, ಕ್ಷಮಿಸಿದರೋ, ಕೇಳಿಸಿಕೊಳ್ಳಲು ಇಷ್ಟವಾಗಲಿಲ್ಲವೋ. ಹದಿನೈದು ದಿನಕ್ಕೆ ತೀರಿಕೊಂಡರು. ಆಸ್ಪತ್ರೆಯಿಂದ ಹೋದವಳು ನಾನೊಬ್ಬಳೇ.

ತಿಥಿ ಮುಗಿದ ವಾರ ನಾನು ವಿಭಾಗಕ್ಕೆ ಒಂದು ಪತ್ರ ಬರೆದೆ. ಹಾರೋಹಳ್ಳಿಯ ಮಗುವಿನ ತಂದೆಗೆ ಗೆಡ್ಡೆ ಒಳ್ಳೆಯದೆಂದು ಹೇಳಿದವಳು ನಾನು, ಅವರಲ್ಲ, ಆ ಎಚ್ಚರಿಕೆ ಪತ್ರವನ್ನು ಅವರ ಸೇವಾ ಕಡತದಿಂದ ತೆಗೆದು ನನ್ನದಕ್ಕೆ ಸೇರಿಸಬೇಕು ಎಂದು. ಆ ಹೊತ್ತಿಗೆ ನನ್ನ ಕೆಲಸ ಕಾಯಂ ಆಗಿ, ಅವರ ಹುದ್ದೆಯೇ ನನಗೆ ಸಿಕ್ಕಿತ್ತು. ಆಗ ಧೈರ್ಯ ಸುಲಭ.

ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ ಬಂತು. ಸದರಿ ನೌಕರರು ನಿವೃತ್ತರಾಗಿ ನಿಧನರಾಗಿರುವುದರಿಂದ ಅವರ ಕಡತವನ್ನು ವಿಲೇವಾರಿ ಮಾಡಲಾಗಿದೆ. ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.

ಅವರ ಹೆಸರಿನ ಪಕ್ಕ ಆ ತಪ್ಪನ್ನು ಬರೆದ ಕಾಗದವೂ ಈಗ ಇಲ್ಲ, ಅಳಿಸಲು. ಆದರೆ ಲ್ಯಾಬಿನಲ್ಲಿ ಹಳಬರು ಹೊಸಬರಿಗೆ ಇಂದಿಗೂ ಎಚ್ಚರಿಕೆ ಹೇಳುತ್ತಾರೆ: ಹಿಂದೆ ಒಬ್ಬ ಟೆಕ್ನಿಷಿಯನ್ ಬಾಯಿ ಬಿಟ್ಟು ಒಂದು ಮಗುವಿನ ಜೀವ ಹೋಯಿತು, ಹುಷಾರು, ಎಂದು. ಹೇಳುವಾಗ ಮೇಷ್ಟ್ರ ಹೆಸರು ಹೇಳುತ್ತಾರೆ. ನಾನು ಎದ್ದು ಹೋಗಿ, ಅದು ಅವರಲ್ಲ, ನಾನು, ಎನ್ನುತ್ತೇನೆ. ಹೊಸ ಹುಡುಗಿಯರು ಇದನ್ನು ನನ್ನ ದೊಡ್ಡ ಗುಣವೆಂದು ತಿಳಿಯುತ್ತಾರೆ. ಗುರುವಿನ ಮೇಲೆ ಎಷ್ಟು ಅಭಿಮಾನ ನೋಡಿ ಎನ್ನುತ್ತಾರೆ. ಯಾರೂ ನಂಬುವುದಿಲ್ಲ.